ಬಾಣಂತಿ ನೀರೊಲೆಗೆ ಕೂಡಿಟ್ಟ ಚಕ್ಕೆ

೧೯೭೮ ನವೆಂಬರ್ ೩

ಮೈಸೂರಿನ ಬ್ಯಾಟರಿ ಅಂಗಡಿಯವನು ವರ್ಷಕ್ಕೊಂದು ದಿನಚರಿ ಪುಸ್ತಕ ಕೊಡುತ್ತಾನೆ. ಇಷ್ಟು ದಿನ ಅದರ ಹಾಳೆ ಹರಿದು ಫ್ಯೂಸ್ ತಂತಿ ಸುತ್ತಿಡುತ್ತಿದ್ದೆ. ವಿಶಾಲಾಕ್ಷಿ ಇದ್ದಾಗ ದಿನದ ಸಿಟ್ಟನ್ನೆಲ್ಲ ಅವಳ ಮುಂದೆ ಕಕ್ಕಿ ಮಲಗಿಬಿಡುತ್ತಿದ್ದೆ. ಅವಳು ಹೋಗಿ ಮೂರು ವರ್ಷವಾಯಿತು, ಸಿಟ್ಟು ಮಾತ್ರ ಎಲ್ಲಿಗೂ ಹೋಗಿಲ್ಲ. ಇನ್ನು ಮೇಲೆ ಅದು ಈ ಪುಸ್ತಕದ ಪಾಲಿಗೆ.

ನಿನ್ನೆ ಗುಮಟಾಪುರದ ಗೊರೆಹಬ್ಬಕ್ಕೆ ಎಂದಿನಂತೆ ನನ್ನದೇ ಮೈಕ್ ಸೆಟ್ಟು. ಬೀರೇಶ್ವರನ ಗುಡಿ ಮುಂದೆ ಗಂಡಸರು ಸಗಣಿ ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಬೀಸುತ್ತಿದ್ದರು. ನಾನು ಮರದ ಮೇಲಿನ ಹಾರನ್‌ಗಳ ಕೆಳಗೆ ತಲೆಯೆತ್ತಿಕೊಂಡು ನಿಂತಿದ್ದೆ. ಸದ್ದು ಸತ್ತುಹೋಗಿತ್ತು. ಹಾಡಿನ ತಾಳ ಬರುತ್ತದೆ, ಹೆಂಗಸಿನ ದನಿ ಬರುವುದಿಲ್ಲ. ಆಂಪ್ಲಿಫಯರಿನ ಗುಂಡಿ ಪೂರ್ತಿ ತಿರುಗಿಸಿದೆ. ಕಡಿಮೆ ಮಾಡಿ ಅಂತ ಊರಿನ ಯಜಮಾನರು ಮತ್ತೆ ಮತ್ತೆ ಆಳು ಕಳಿಸಿದರು. ಒಬ್ಬನಂತೂ ಕೈಯಲ್ಲಿದ್ದ ಉಂಡೆಯನ್ನು ಹಾರನ್ ಬಾಯಿಗೇ ಬೀಸಿದ. ಗುರಿ ಚೆನ್ನಾಗಿತ್ತು, ಅದನ್ನು ಒಪ್ಪಬೇಕು.

ತಿಗನಾರೆಗೆ ಗಾಡಿಯಲ್ಲಿ ವಾಪಸು ಬರುವಾಗ ಚಿಕ್ಕಮಾದ ಅದನ್ನೇ ಹಿಡಿದುಕೊಂಡ. ಅವನಿಗೂ ನನ್ನಷ್ಟೇ ವಯಸ್ಸು. ನಾನು ಸೆಟ್ಟು ಇಟ್ಟ ದಿನದಿಂದ ಹಾರನ್ ಹೊರುವವನು, ಮರ ಹತ್ತಿ ಕಟ್ಟುವವನು ಅವನೇ.

"ಸವುಂಡು ವಸಿ ಜಾಸ್ತಿ ಆಯ್ತು ಕಣ ಬುದ್ದಿ. ನನ್ ಎದನೇ ಅದುರೋಯ್ತು."

"ನಿನ್ನೆದೆ ಮೆದು ಕಣ್ಲಾ. ಯೂನಿಟ್ ಕೆಟ್ಟೋಗದ, ಅದ ನೋಡು ಮೊದ್ಲು."

ಅವನು ಏನೋ ಗೊಣಗಿದ. ಈಚೆಗೆ ಅವನಿಗೆ ಮಾತನ್ನು ಬಾಯಲ್ಲೇ ನುಂಗುವ ಚಾಳಿ ಬಂದಿದೆ. ಮನೆಗೆ ಬಂದು, ಸೂರಿನ ಸಂದಿಯಿಂದ ತನ್ನ ಲೋಟ ತೆಗೆದುಕೊಂಡು, ಮೆಟ್ಟಿಲ ಕೆಳಗೆ ಕೂತು ಕಾಫಿ ಕುಡಿದು ಹೋದ. ಹಾರನ್ ಹಿಂದೆ ಕೂತು ಸದ್ದು ಹೊರಡಿಸುವುದು ಯೂನಿಟ್ಟೇ, ಮುಂದಿನ ವಾರ ಮೈಸೂರಿನಿಂದ ಹೊಸದು ತರಿಸಬೇಕು.

ನವೆಂಬರ್ ೧೪

ಎರಡು ಹಳೇ ಲಾರಿ ಬ್ಯಾಟರಿ ಬಿಚ್ಚಿದೆ. ನಮ್ಮ ಬೆಟ್ಟದ ಮೇಲೆ ಕರೆಂಟು ಇರುವ ಹೊತ್ತಿಗಿಂತ ಇಲ್ಲದ ಹೊತ್ತೇ ಹೆಚ್ಚು. ಬ್ಯಾಟರಿ ಇಲ್ಲದೆ ಸೆಟ್ಟು ಹಾಡುವುದಿಲ್ಲ. ಕೆಟ್ಟಾಗಲೆಲ್ಲ ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ ಹೊತ್ತೊಯ್ಯುವವರು ಯಾರು? ಹುಡುಗನಾಗಿದ್ದಾಗ ಮೈಸೂರಿನ ಗ್ಯಾರೇಜಿನಲ್ಲಿ ಕಲಿತದ್ದು ಇವತ್ತಿಗೂ ಅನ್ನ ಹಾಕುತ್ತಿದೆ.

ಪ್ಲೇಟುಗಳನ್ನು ಎಳೆದು ಕೊಡವಿದೆ. ಮಸಿ ದೂಳು ಅಡಿಗೆಮನೆವರೆಗೂ ಹಾರಿತು. ಸೀಸವನ್ನು ನೀರೊಲೆಯ ಮೇಲೆ ಕಬ್ಬಿಣದ ಸೌಟಿನಲ್ಲಿ ಕರಗಿಸಿ, ತಂತಿ ಸಿಕ್ಕಿಸುವ ಗೂಟಗಳನ್ನು ಎರಕ ಹೊಯ್ದೆ. ಕರಗಿದ ಸೀಸ ನೋಡಲು ಬಲು ಚೆಂದ. ಅದರ ಹೊಗೆ ಕುಡಿದ ದಿನ ನಾಲಿಗೆಯೆಲ್ಲ ಸಿಹಿ ಸಿಹಿ, ಬೀಡಿಯೂ ರುಚಿಸುವುದಿಲ್ಲ. ಮಿಕ್ಕಿದ ಸೀಸವನ್ನು ಹೊಲದವರು ಒಯ್ಯುತ್ತಾರೆ. ಕಾಡುಹಂದಿ ಬೆದರಿಸುವ ಕೋವಿಗೆ ಅವರಿಗೆ ಗುಂಡು ಬೇಕು.

ಹಳೇ ಬ್ಯಾಟರಿಯಲ್ಲಿ ಪ್ಲೇಟು ಪ್ಲೇಟಿನ ನಡುವೆ ತೆಳ್ಳನೆಯ ಮರದ ಚಕ್ಕೆ ಇರುತ್ತದೆ. ಅದನ್ನು ಬಿಸಿಲಿಗೆ ಹಾಕಿ ಒಣಗಿಸಿದರೆ ನೀರೊಲೆಗೆ ಅದರಂಥ ಸೌದೆ ಇನ್ನೊಂದಿಲ್ಲ. ಬೆಂಕಿ ಕಡ್ಡಿ ತೋರಿಸಿದರೆ ಸಾಕು, ಧಗ್ಗನೆ ಹತ್ತಿಕೊಳ್ಳುತ್ತದೆ. ಹಂಡೆ ಕಾಯಲು ಹೊತ್ತೇ ಬೇಡ.

ಡಿಸೆಂಬರ್ ೨

ಅಳಿಯ ಮಹದೇವಪ್ಪನ ಕಾಗದ ಬಂತು. ಚನ್ನಮಲ್ಲಮ್ಮ ಬಸುರಿ! ಏಪ್ರಿಲ್ ನಡುವಿಗೆ ಹೆರಿಗೆಯಂತೆ. ಮೊದಲನೆಯದು, ತವರಿನಲ್ಲೇ ಆಗಬೇಕು. ಮಾರ್ಚಿ ನಡುವಿಗೆ ಕರಕೊಂಡು ಬಂದು ಬಿಡುತ್ತೇನೆ ಅಂತ ಬರೆದಿದ್ದಾನೆ.

ಕಾಗದವನ್ನು ವಿಶಾಲಾಕ್ಷಿಯ ಪಟದ ಮುಂದೆ ಹಿಡಿದು ಗಟ್ಟಿಯಾಗಿ ಓದಿದೆ. ಆಮೇಲೆ ಕೂತು ಅತ್ತೆ. ಯಾರೂ ಇರಲಿಲ್ಲ, ಅಳಲು ಅಡ್ಡಿಯೇನು?

ಮಗಳು ಮದುವೆಯಾಗಿ ತಮಿಳುನಾಡಿನ ಗಡಿ ದಾಟಿ ಚಾಮರಾಜನಗರದ ಕಡೆ ಹೋದ ಮೇಲೆ ಈ ಮನೆಯಲ್ಲಿ ಒಂದು ಪಾತ್ರೆ ಬಿದ್ದ ಸದ್ದೂ ಇಲ್ಲ. ಇನ್ನು ಮೂರು ತಿಂಗಳು ಬಾಣಂತನ, ಕೂಸಿನ ಅಳು, ಸಾಂಬ್ರಾಣಿ ಹೊಗೆ. ಅಕ್ಕ ಪುಟ್ಟನಂಜಮ್ಮನನ್ನು ಕರೆಸಿಕೊಂಡರೆ ಅವಳು ನೋಡಿಕೊಳ್ಳುತ್ತಾಳೆ. ಬಾಣಂತಿಗೆ ಮೈ ಸುಡುವ ಹಾಗೆ ನೀರು ಬೇಕು, ಎರಡು ಹೊತ್ತು ಹಂಡೆ ಕಾಯಬೇಕು. ಇವತ್ತಿನಿಂದ ಚಕ್ಕೆ ಸುಡುವುದಿಲ್ಲ. ಅಷ್ಟೂ ಅವಳ ನೀರೊಲೆಗೆ ಮೀಸಲು. ನನಗೆ ತಣ್ಣೀರೇ ಸಾಕು.

ಡಿಸೆಂಬರ್ ೧೦

ತಾಳವಾಡಿಯ ಮದುವೆಮನೆಯಲ್ಲಿ ನನ್ನ ಮರ್ಯಾದೆ ತೆಗೆದರು. ಹೊಸ ಯೂನಿಟ್ ಹಾಕಿದ್ದೆ, ಆದರೂ ಸದ್ದು ಮಂಕು. ಗುಂಡಿ ತಿರುಗಿಸಿದೆ. ಗಂಡಿನ ಸೋದರಮಾವ ಬಂದು ಬ್ಯಾಟರಿ ತಂತಿಯನ್ನೇ ಕಿತ್ತು ಎಸೆದ. ನೂರು ಜನರೆದುರು ನನ್ನ ಮುಖದ ಹತ್ತಿರ ಬಾಯಿ ತಂದು ಏನೇನೋ ಅಂದ. ಊರಿಗೆ ಊರೇ ಕಿವಿ ನಾಜೂಕು ಮಾಡಿಕೊಂಡಿದೆ. ಕಿವುಡರ ಮುಂದೆ ಕಿನ್ನರಿ ಬಾರಿಸುವ ಹಣೆಬರಹ ನನ್ನದು.

ಮೈಸೂರಿನ ಅಂಗಡಿಯವನೂ ಕೆಟ್ಟ ಯೂನಿಟ್ ಕೊಟ್ಟ. ಯಾರನ್ನು ನಂಬುವುದು?

೧೯೭೯ ಜನವರಿ ೧೭

ಹೊಸ ಪುಸ್ತಕ. ಅಂಗಡಿಯವನೊಡನೆ ಜಗಳವಾಡಿದರೂ ದಿನಚರಿ ಕೊಟ್ಟ.

ಸಂಕ್ರಾಂತಿಗೆ ಅಕ್ಕ ಬಂದಿದ್ದಳು. ಬಾಣಂತನದ ಮಾತಾಡಬೇಕಿತ್ತು. ಎರಡೇ ದಿನಕ್ಕೆ ಗಂಟು ಕಟ್ಟಿಕೊಂಡು ಹೊರಟಳು. ಹೋಗುವಾಗ ಅಂಗಳದಲ್ಲಿ ನಿಂತು ಕೂಗಿದಳು. "ನಿನ್ ಕುಟ್ಟ ಮಾತಾಡಾದು ಒಂದೆ, ಗ್ವಾಡ ಕುಟ್ಟ ಮಾತಾಡಾದು ಒಂದೆ! ನಾನ್ ಒಂದ್ ಕೇಳುದ್ರ ನೀನ್ ಇನ್ನೊಂದ್ ಏಳ್ತಿಯೆ!" ಅವಳು ಮೊದಲಿನಿಂದಲೂ ಮುಂಗೋಪಿ. ಮಗಳು ಬರುವ ಹೊತ್ತಿಗೆ ತಾನಾಗಿ ಬರುತ್ತಾಳೆ.

ಹೊಟ್ಟೆ ಹಿಂಡುತ್ತದೆ. ಅಕ್ಕನ ಅಡಿಗೆಯಲ್ಲಿ ಹುಳಿ ಜಾಸ್ತಿ.

ಜನವರಿ ೨೮

ಹೊಟ್ಟೆ ನೋವು. ಮಲ ಬಿಗಿ. ಮೈಯಲ್ಲಿ ರಕ್ತವೇ ಇಲ್ಲದ ಹಾಗೆ ಸುಸ್ತು. ಕಾಗೆ ಬಿಟ್ಟರೆ ಬೇರೆ ಹಕ್ಕಿಯೇ ಇಲ್ಲ ಈ ವರ್ಷ, ಎಲ್ಲ ಎಲ್ಲಿ ಹೋದವೋ. ಬಸ್ಸಿನ ಡ್ರೈವರೂ ಹಾರನ್ ಹೊಡೆಯದೆ ಬರುತ್ತಾನೆ. ಯಾರೂ ಬರಲಿಲ್ಲ. ಚಕ್ಕೆಯ ರಾಶಿ ಸೊಂಟದ ಮಟ್ಟಕ್ಕೆ ಬಂದಿದೆ, ಅದನ್ನು ನೋಡಿದಾಗ ಮಾತ್ರ ಸಮಾಧಾನ.

ಫೆಬ್ರವರಿ ೧೧

ಮೊಣಕಾಲಿಗೆ ಅರಿಶಿನ ಹಚ್ಚಿಕೊಂಡು ಬರೆಯುತ್ತಿದ್ದೇನೆ.

ಬೆಳಿಗ್ಗೆ ಹೊಲದ ಅಂಚಿನಲ್ಲಿ ನಡೆದು ಹೋಗುತ್ತಿದ್ದೆ. ಹಿಂದಿನಿಂದ ಯಾರೋ ನನ್ನ ರಟ್ಟೆ ಹಿಡಿದು ಹಳ್ಳಕ್ಕೆ ಎಳೆದರು. ಬಿದ್ದೆ, ಮೊಣಕಾಲು ತರಚಿತು. ಚಿಕ್ಕಮಾದ. ಬಯ್ಯಲು ಬಾಯಿ ತೆಗೆದೆ. ಅವನು ನನ್ನ ಬಾಯಿ ಮುಚ್ಚಿ ಕೈ ತೋರಿಸಿದ. ನಾನು ನಡೆಯುತ್ತಿದ್ದ ದಾರಿಯ ಪಕ್ಕದ ಬಿದಿರು ಮೆಳೆಯಲ್ಲಿ ಒಂಟಿ ಆನೆ. ಬಿದಿರು ಮುರಿದು ತಿನ್ನುತ್ತಿತ್ತು. ಬಿದಿರು ಮುರಿದರೆ ಪಟಾಕಿ ಹೊಡೆದ ಹಾಗೆ ಸದ್ದಾಗುತ್ತದೆ. ಹಳ್ಳದಲ್ಲಿ ಅಂಗಾತ ಬಿದ್ದು ಆನೆಯನ್ನು ನೋಡುತ್ತಿದ್ದೇನೆ, ಬಿದಿರು ಮುರಿಯುತ್ತಿದೆ, ನನಗೆ ಸದ್ದಿಲ್ಲ. ದೂರದಲ್ಲಿ ಯಾರೋ ಸೌದೆ ಮುರಿದ ಹಾಗೆ, ಅಷ್ಟೆ.

ಆನೆ ಹೋದ ಮೇಲೆ ಚಿಕ್ಕಮಾದ ನನ್ನ ಕಿವಿಗೆ ಬಾಯಿಟ್ಟು ಕಿರುಚಿದ. "ಆ ಮೋರಿತವಿಂದ ಕೂಗ್ತಾ ಬತ್ತಾವ್ನಿ ಬುದ್ದಿ! ಒಂಚೂರೂ ಕೇಳ್ನಿಲ್ವಾ?"

ಯೂನಿಟ್ ಕೆಟ್ಟಿರಲಿಲ್ಲ. ಅಂಗಡಿಯವನಿಗೆ, ಮದುವೆಮನೆಯವರಿಗೆ, ಅಕ್ಕನಿಗೆ ಅಂದದ್ದೆಲ್ಲ ನೆನಪಾಗುತ್ತಿದೆ. ಕೆಟ್ಟಿರುವುದು ನಾನು.

ಫೆಬ್ರವರಿ ೨೧

ಇಪ್ಪತ್ತು ವರ್ಷ ಹಾರನ್ ಕೆಳಗೆ ನಿಂತದ್ದಕ್ಕೆ ಇದು ಅಂತ ಊರೆಲ್ಲ ಹೇಳುತ್ತಿದೆ, ನನಗೂ ಹಾಗೇ ಅನ್ನಿಸಿತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟುಕೊಂಡು ಎರಡೂ ಕಿವಿಗೆ ಹತ್ತಿ ತುರುಕಿದ್ದೇನೆ. ಎರಡು ಕಾರ್ಯಕ್ಕೆ ಸೆಟ್ಟು ಕಳಿಸಲಿಲ್ಲ. ಮನೆಯಲ್ಲೇ ಕೂತು, ಬಾಕಿಯಿದ್ದ ಬ್ಯಾಟರಿಗಳನ್ನು ಬಿಚ್ಚಿ ಸೀಸ ಎರಕ ಹೊಯ್ದು ಮುಗಿಸಿದೆ. ಕೂಸು ಬರುವುದರೊಳಗೆ ಕಿವಿ ಸರಿಯಾಗಬೇಕು. ಮೊಮ್ಮಗುವಿನ ಅಳು ಕೇಳದ ತಾತ ಇದ್ದೂ ಏನು?

ಇವತ್ತು ಹಾರನ್ ಎತ್ತಲು ಹೋದೆ. ಮುಂಗೈಯಲ್ಲಿ ಬಲವಿಲ್ಲ, ಕೈ ತಾನಾಗಿ ಜೋತುಬಿತ್ತು. ಹಾರನ್ ಕಾಲ ಮೇಲೆ ಬಿತ್ತು. ಕಿವಿಗೂ ಕೈಗೂ ಏನು ಸಂಬಂಧ?

ಮಾರ್ಚ್ ೮

ಚಿಕ್ಕಮಾದ ಹಟ ಹಿಡಿದು ಸತ್ಯಮಂಗಲದ ಆಸ್ಪತ್ರೆಗೆ ಕರಕೊಂಡು ಹೋಗಿದ್ದ. ದಿಂಬಂನಲ್ಲಿ ಬಸ್ಸು ನಿಂತಿತು. ನಾನು ಟೀ ಅಂಗಡಿಯ ಬೆಂಚಿನ ಮೇಲೆ, ಅವನು ಎಂದಿನಂತೆ ಆಚೆ ಮರದ ಕೆಳಗೆ ತನ್ನ ಲೋಟ ಹಿಡಿದುಕೊಂಡು. ಅಲ್ಲಿಂದಲೇ ಏನೋ ಕೂಗಿದ. ಕೇಳಲಿಲ್ಲ.

ಡಾಕ್ಟರು ಒಬ್ಬ ಹೆಂಗಸು, ವಯಸ್ಸು ಚಿಕ್ಕದು, ಮಾತು ತಮಿಳು. ನನಗೆ ತಮಿಳು ಕನ್ನಡದಷ್ಟೇ ಬರುತ್ತದೆ, ಆದರೆ ಕಿವಿ ಬೇಕಲ್ಲ. ಆಯಮ್ಮ ಹೇಳಿದ್ದನ್ನೆಲ್ಲ ಚಿಕ್ಕಮಾದ ನನ್ನ ಕಿವಿಗೆ ಒದರಿದ. ಹೊರಗೆ ಕೂತಿದ್ದ ರೋಗಿಗಳಿಗೆಲ್ಲ ನನ್ನ ಕಾಯಿಲೆ ಬಾಯಿಪಾಠವಾಗಿರಬೇಕು.

ಮೊದಲು ಕಿವಿಯಿಂದ ಹತ್ತಿ ತೆಗೆದು ಎಸೆದರು. ಕವಲಿರುವ ಒಂದು ಕಡ್ಡಿಯನ್ನು ತಟ್ಟಿ ಕಿವಿಯ ಹತ್ತಿರ ಹಿಡಿದರು, ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ಡಾಕ್ಟರ ಮುಖ ಸಣ್ಣದಾಯಿತು. ಹೊಟ್ಟೆ ಒತ್ತಿ ನೋಡಿದರು. ಮುಂಗೈ ಎತ್ತು ಅಂದರು, ಎತ್ತಲಾಗಲಿಲ್ಲ. ಆಮೇಲೆ ಕೆಳತುಟಿ ಎಳೆದು, ಕನ್ನಡಿ ಕೊಟ್ಟರು. ಹಲ್ಲಿನ ಬುಡದಲ್ಲಿ, ವಸಡಿನ ಅಂಚಿಗೆ, ನೀಲಿ ಗೆರೆ. ಎಲೆಯಡಿಕೆ ಕರೆ ಅಂದುಕೊಂಡಿದ್ದೆ.

"ಯಾನ್ ಕೆಲ್ಸ ಅಂತ ಕೇಳ್ತಾವ್ರ ಬುದ್ದಿ."

ಮೈಕ್ ಸೆಟ್ಟು ಅಂದೆ. ಅದಲ್ಲ, ಇನ್ನೇನು ಮಾಡ್ತೀಯ ಅಂದರು. ಬ್ಯಾಟರಿ ರಿಪೇರಿ ಅಂತ ಹೆಮ್ಮೆಯಿಂದಲೇ ಹೇಳಿದೆ. ಸೀಸ ಕರಗಿಸುವುದು, ಪ್ಲೇಟು ಕೊಡವುವುದು, ಎಲ್ಲ. ಎಲ್ಲಿ ಅಂತ ಕೇಳಿದರು. ಮನೆಯೊಳಗೆ, ನೀರೊಲೆಯಲ್ಲಿ ಅಂದೆ.

"ಈಯಂ" ಅಂದರು ಡಾಕ್ಟರು. ಸೀಸ. ತುಟಿ ನೋಡಿಯೇ ತಿಳಿಯಿತು.

ಅವರು ಹೇಳಿದ್ದು ಇಷ್ಟು. ಸೀಸದ ಹೊಗೆ ಉಸಿರಿನಲ್ಲಿ ಹೋಗುತ್ತದೆ, ದೂಳು ಕೈಯಿಂದ ಬಾಯಿಗೆ ಹೋಗುತ್ತದೆ, ಬೀಡಿಯ ಜೊತೆ, ಮುದ್ದೆಯ ಜೊತೆ. ರಕ್ತಕ್ಕೆ ಸೇರಿ ಹೊಟ್ಟೆ ಹಿಂಡುತ್ತದೆ, ಮುಂಗೈ ಬಲ ತೆಗೆಯುತ್ತದೆ, ಕಿವಿಯಿಂದ ಮಿದುಳಿಗೆ ಸದ್ದು ಒಯ್ಯುವ ನರವನ್ನು ಕೆಡಿಸುತ್ತದೆ. ಹಾರನ್ನಿನ ಗದ್ದಲವೂ ಸೇರಿದರೆ ಇನ್ನೂ ಬೇಗ. ಹತ್ತಿ ಗದ್ದಲವನ್ನಾದರೂ ಸ್ವಲ್ಪ ತಡೆದೀತು, ಸೀಸವನ್ನು ತಡೆಯುವುದಿಲ್ಲ. ಅದು ಬರುವುದು ಕಿವಿಯ ಬಾಗಿಲಿನಿಂದಲ್ಲ.

ನಾನು ಕಿವಿಗೆ ಹತ್ತಿ ಇಟ್ಟುಕೊಂಡು ಸೀಸ ಕರಗಿಸುತ್ತಾ ಕೂತಿದ್ದೆ.

"ಕಿವಿ ಮತ್ತೆ ಬತ್ತದಾ ಕೇಳ್ಲಾ" ಅಂದೆ. ಚಿಕ್ಕಮಾದ ಕೇಳಿದ. ಹೋದದ್ದು ಬರುವುದು ಕಷ್ಟವಂತೆ, ಉಳಿದದ್ದನ್ನು ಉಳಿಸಿಕೊಳ್ಳಬಹುದಂತೆ. ಅದಕ್ಕೆ ಮೊದಲು ಸೀಸ ಬಿಡಬೇಕು, ಆಸ್ಪತ್ರೆಯಲ್ಲಿದ್ದು ಸೂಜಿ ಹಾಕಿಸಿಕೊಳ್ಳಬೇಕು. ಮನೆಗೊಂದು ವ್ಯವಸ್ಥೆ ಮಾಡಿ ಹದಿನೈದು ದಿನದಲ್ಲಿ ಬರುತ್ತೇನೆ ಅಂದೆ.

ಎದ್ದೆವು. ಬಾಗಿಲ ಹತ್ತಿರ ಹೋಗಿದ್ದಾಗ ಕರೆದು, ಮನೆಯಲ್ಲಿ ಇನ್ಯಾರಿದ್ದಾರೆ ಅಂತ ಕೇಳಿದರು. ಯಾರೂ ಇಲ್ಲ, ಬರುವ ವಾರ ಮಗಳು ಹೆರಿಗೆಗೆ ಬರುತ್ತಾಳೆ ಅಂದೆ. ಬಾಣಂತಿ ನೀರಿಗೆ ಚಕ್ಕೆ ಕೂಡಿಟ್ಟದ್ದನ್ನೂ ಹೇಳಿದೆ. ಯಾಕೆ ಹೇಳಿದೆನೋ, ಸಂತೋಷದ ಸುದ್ದಿ ಒಂದಾದರೂ ಇರಲಿ ಅಂತ ಇರಬೇಕು. ಡಾಕ್ಟರು ಕುರ್ಚಿಯಿಂದ ಎದ್ದು ನಿಂತರು.

ಚಿಕ್ಕಮಾದ ಈ ಸಲ ಕಿರುಚಲಿಲ್ಲ. ಕಿವಿಗೆ ಬಾಯಿಟ್ಟು ಮೆಲ್ಲಗೆ ಒಂದೊಂದೇ ಮಾತು ಹೇಳಿದ. ಆ ಚಕ್ಕೆ ಸೀಸ ಕುಡಿದಿರುತ್ತದೆ, ಸುಟ್ಟರೆ ಹೊಗೆಯೆಲ್ಲ ಸೀಸ. ನೆಲ, ಗೋಡೆ, ಕಂಬಳಿ ಎಲ್ಲದರಲ್ಲೂ ದೂಳಿದೆ. ಬಸುರಿಯ ರಕ್ತದಿಂದ ಅದು ಕೂಸಿಗೆ ಇಳಿಯುತ್ತದೆ. ದೊಡ್ಡವರಿಗೆ ವರ್ಷಗಟ್ಟಲೆ ಬೇಕಾದದ್ದು ಕೂಸಿಗೆ ಬೇಗ ಆಗುತ್ತದೆ. ಕಿವಿಯೂ ಹೋದೀತು, ಬುದ್ಧಿಯೂ ಕುಂದೀತು.

ಬರುವಾಗ ದಿಂಬಂನಲ್ಲಿ ಅವನನ್ನು ಬೆಂಚಿಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಡಾಕ್ಟರ ಮಾತನ್ನೆಲ್ಲ ಇನ್ನೊಂದು ಸಲ ಹೇಳಿಸಬೇಕಿತ್ತು, ಮರದ ಕೆಳಗಿನಿಂದ ಕೂಗಿದರೆ ನನಗೆ ಕೇಳುವುದಿಲ್ಲವಲ್ಲ. ಅಂಗಡಿಯವನು ಬಂದು ಏನೋ ಅಂದ. ಅದೂ ಕೇಳಲಿಲ್ಲ.

ಮಾರ್ಚ್ ೯

ಇಡೀ ಬೆಳಿಗ್ಗೆ ಚಕ್ಕೆ ರಾಶಿಯ ಮುಂದೆ ನಿಂತಿದ್ದೆ. ಎಷ್ಟು ನೀಟಾಗಿ ಜೋಡಿಸಿದ್ದೇನೆ! ಮಗಳಿಗೆ ಅಂತ ಈ ಮೂರು ತಿಂಗಳಲ್ಲಿ ನಾನು ಮಾಡಿದ್ದು ಇದೊಂದೇ.

ಚಿಕ್ಕಮಾದನ ಮನೆಗೆ ಹೋದೆ. ಅವರಿಗೂ ಹೊರೆ ಹೊರೆ ಚಕ್ಕೆ ಕೊಟ್ಟಿದ್ದೇನೆ, ದೊಡ್ಡಸ್ತಿಕೆಯಿಂದ. ಅವನ ಹೆಂಡತಿ ಕೆಂಚಮ್ಮ ಆಗಲೇ ಅದನ್ನೆಲ್ಲ ಬೀದಿಗೆ ಎಸೆದಿದ್ದಳು. ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೋವಿ ಇರುವ ಮನೆಗಳಿಗೂ ಹೋಗಿ, ಒಲೆಯಲ್ಲಿ ಸೀಸ ಕರಗಿಸಬೇಡಿ, ಗುಂಡು ಮುಟ್ಟಿದ ಕೈಯಲ್ಲಿ ಉಣ್ಣಬೇಡಿ ಅಂತ ಹೇಳಿ ಬಂದೆ. ನಕ್ಕರು. ಕಿವುಡನಾದ ಮೇಲೆ ಮೈಕ್ ಸೆಟ್ಟಿನ ಗುರುಮಲ್ಲಪ್ಪನಿಗೆ ಬುದ್ಧಿ ಬಂತು ಅಂದಿರಬೇಕು.

ಅಳಿಯನಿಗೆ ಕಾಗದ ಬರೆದೆ. ಹೆರಿಗೆ ಅಲ್ಲೇ ಆಗಲಿ, ಕರೆತರಬೇಡಿ, ಮನೆಯಲ್ಲಿ ವಿಷವಿದೆ. ಹರಿದೆ, ಇನ್ನೊಂದು ಬರೆದೆ. ಎಷ್ಟು ಸಲ ಬರೆದರೂ ತವರಿನವನು ಮಗಳನ್ನು ಬೇಡ ಅಂದ ಹಾಗೇ ಕಾಣುತ್ತದೆ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದು ಹಾಕಿದೆ.

ನಾನು ಈ ಮನೆಯಲ್ಲಿ ಮಲಗುವುದಿಲ್ಲ. ಜಗಲಿಯೇ ಸಾಕು.

ಮಾರ್ಚ್ ೧೪

ಕಾಗದ ತಲುಪುವ ಮೊದಲೇ ಮಗಳು ಬಂದಳು.

ಮಧ್ಯಾಹ್ನದ ಬಸ್ಸಿನಿಂದ ಇಳಿದಳು. ಹೊಟ್ಟೆ ಮುಂದೆ ಮಾಡಿಕೊಂಡು, ನಡುವಿಗೆ ಕೈಯಿಟ್ಟು, ತಾಯಿಯ ಹಾಗೇ ನಡೆಯುತ್ತಿದ್ದಳು. ಹಿಂದೆ ಅಳಿಯ ಟ್ರಂಕು ಹೊತ್ತಿದ್ದ. ನಾನು ಹೊಸಿಲಿಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತೆ. ಅವಳು ನಕ್ಕಳು. ಅಪ್ಪ ಆಟ ಆಡುತ್ತಿದ್ದಾನೆ ಅಂದುಕೊಂಡಳು.

"ಒಳಕ್ಕ ಬರ್ಬ್ಯಾಡ ಕಣವ್ವ" ಅಂದೆ. "ವಾಪಸ್ ಓಗ್ಬುಡು."

ನಗು ಹೋಯಿತು. ಅಳಿಯನಿಗೆ ಸೀಸ, ಹೊಗೆ, ಡಾಕ್ಟರು ಎಲ್ಲ ಒದರಿದೆ. ನನ್ನ ದನಿ ಎಷ್ಟು ಗಟ್ಟಿಯಿತ್ತೋ ನನಗೆ ತಿಳಿಯದು. ಬೀದಿಯವರೆಲ್ಲ ಹೊರಗೆ ಬಂದು ನಿಂತರು. ಅಕ್ಕನಂತೂ ಅದೇ ಬಸ್ಸಿಗೆ ಬಂದಿದ್ದಳು, ಸಿಟ್ಟು ಮರೆತು, ಬಾಣಂತನಕ್ಕೆ ಅಂತ. ಎರಡು ಕೈಯಲ್ಲೂ ನನಗೆ ಮಣ್ಣು ತೂರಿದಳು.

ಚನ್ನಮಲ್ಲಮ್ಮ ಹೊಂಗೆ ಮರದ ಕೆಳಗೆ ಕಲ್ಲಿನ ಮೇಲೆ ಕೂತಳು. ಪಕ್ಕದ ಮನೆಯವರು ನೀರು ಕೊಟ್ಟರು. ನನ್ನ ಮನೆಯ ನೀರಲ್ಲ. ಅವಳ ಹತ್ತಿರ ಹೋಗೋಣ ಅನ್ನಿಸಿತು, ನನ್ನ ಪಂಚೆಯಲ್ಲೂ ದೂಳಿದೆಯಲ್ಲ ಅಂತ ಹೋಗಲಿಲ್ಲ. ದೂರದಲ್ಲೇ ನಿಂತೆ.

ಬಸ್ಸು ತಾಳವಾಡಿಗೆ ಹೋಗಿ ತಿರುಗಿ ಬಂತು. ಮೆಟ್ಟಿಲ ಮೇಲೆ ಕಾಲಿಟ್ಟು ಅವಳು ನನ್ನ ಕಡೆ ತಿರುಗಿ ಏನೋ ಹೇಳಿದಳು. ಉದ್ದವಾದ ಮಾತು. ತುಟಿ ಅಲ್ಲಾಡುವುದು ಕಂಡಿತು, ಕಣ್ಣೀರು ಕಂಡಿತು. ಒಂದಕ್ಷರ ಕೇಳಲಿಲ್ಲ. ಬಸ್ಸು ಹೊರಟಿತು.

ಚಿಕ್ಕಮಾದ ಅಲ್ಲೇ ಇದ್ದ. "ಯಾನಂದ್ಲುಲಾ?" ಅಂದೆ. ತಲೆಯಾಡಿಸಿದ. ಮತ್ತೆ ಕೇಳಿದೆ. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಏಪ್ರಿಲ್ ೧೯

ಸೂಜಿ ಮುಗಿಸಿ ನೆನ್ನೆ ಊರಿಗೆ ಬಂದೆ. ಹೊಟ್ಟೆ ನೋವು ಇಲ್ಲ. ಮುಂಗೈ ಸ್ವಲ್ಪ ಏಳುತ್ತದೆ. ಕಿವಿ ಹಾಗೇ ಇದೆ.

ಇವತ್ತು ಕಾಗದ ಬಂತು. ಹೆಣ್ಣು ಕೂಸು. ತಾಯಿ ಮಗು ಕ್ಷೇಮ. ಅಕ್ಕ ಅಲ್ಲಿಗೇ ಹೋಗಿ ಬಾಣಂತನ ಮಾಡುತ್ತಿದ್ದಾಳಂತೆ. ಬೀಗಿತ್ತಿ ತಮ್ಮ ಮಗಳಿಗಿಂತ ಹೆಚ್ಚಾಗಿ ನೋಡಿಕೊಳ್ಳುತ್ತಿದ್ದಾರಂತೆ. ಕಾಗದ ಅಳಿಯನದು. ಮಗಳು ಒಂದು ಸಾಲೂ ಬರೆದಿಲ್ಲ.

ಕಾಗದವನ್ನು ವಿಶಾಲಾಕ್ಷಿಗೆ ಓದಿದೆ. ಅವಳಿಗೆ ಕೇಳಿಸಿತೋ ಇಲ್ಲವೋ. ನಾನು ಓದಿದ್ದು ನನಗೇ ಕೇಳಿಸಲಿಲ್ಲ.

ಮೇ ೬

ಬಾವಿಯಿಂದ ದೂರ, ಹಳ್ಳದ ನೀರೂ ಸೋಕದ ದಿನ್ನೆಯ ಮೇಲೆ ಚಿಕ್ಕಮಾದನೂ ನಾನೂ ಆಳವಾಗಿ ಗುಂಡಿ ತೋಡಿದೆವು. ಚಕ್ಕೆ ಒದ್ದೆ ಮಾಡಿ ಗೋಣಿಚೀಲಕ್ಕೆ ತುಂಬಿ ಹೂತೆವು. ಪ್ಲೇಟಿನ ಮಸಿ, ಸೌಟು, ಎರಕದ ಅಚ್ಚು, ನೀರೊಲೆಯ ಕಲ್ಲು, ಎಲ್ಲ ಅಲ್ಲಿಗೇ. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡಿದ್ದೆವು, ಕಳ್ಳರ ಹಾಗೆ. ಒಣ ಪೊರಕೆ ಆಡಿಸಬಾರದು, ದೂಳೇಳುತ್ತದೆ. ನೀರು ಚಿಮುಕಿಸಿ ನೆಲದ ಮೇಲ್ಮಣ್ಣು ಕೆರೆದು ತೆಗೆದೆವು. ಆ ಬಟ್ಟೆಯನ್ನು ಬೇರೆ ಒಗೆದು, ಸೋಪು ಹಾಕಿ ಮೈಕೈ ತೊಳೆದು, ಆಮೇಲೆ ಊಟ. ರಾಗಿ, ಹಾಲು, ಸೊಪ್ಪು ಬಿಡಬೇಡ ಅಂದಿದ್ದಾರೆ ಡಾಕ್ಟರು, ಹಸಿದ ಹೊಟ್ಟೆ ಸೀಸವನ್ನು ಬೇಗ ಹೀರುತ್ತದಂತೆ.

ಇನ್ನು ಬ್ಯಾಟರಿ ಬಿಚ್ಚುವುದಿಲ್ಲ. ಕೆಟ್ಟರೆ ಸತ್ಯಮಂಗಲಕ್ಕೆ ಹೋಗಲಿ. ಅಲ್ಲಿ ಬಿಚ್ಚುವವನ ಕಿವಿ ಹೇಗಿದೆಯೋ. ಮುಂದಿನ ಸಲ ಹೋದಾಗ ಅವನ ತುಟಿ ಎಳೆದು ನೋಡಬೇಕು.

ಜೂನ್ ೭

ಮಳೆ ಬಂತು. ಕಂಡೆ.

ಜುಲೈ ೨೨

ಸಾಯಂಕಾಲ ಚಿಕ್ಕಮಾದ ಜಗಲಿ ಮೇಲೆ ಕೂತು ಕಿವಿಗೆ ಊರ ಸುದ್ದಿ ಹೇಳುತ್ತಾನೆ. ಎಡಕ್ಕಿಂತ ಬಲಗಿವಿ ವಾಸಿ, ಅದಕ್ಕೆ ಬಲಕ್ಕೇ ಕೂರುತ್ತಾನೆ. ಅವನು ಮಾತು ನುಂಗುವವನಲ್ಲ, ಬಿಡಿಸಿ ಬಿಡಿಸಿ ಹೇಳುವವನು. ಅವನಿಗೆ ಇಷ್ಟೊಂದು ಕಥೆ ಗೊತ್ತಿರುವುದು ನನಗೆ ತಿಳಿದಿರಲಿಲ್ಲ. ಇಪ್ಪತ್ತು ವರ್ಷ ಜೊತೆಗಿದ್ದೆವು, ಬರೀ ನಾನೇ ಮಾತಾಡಿದ್ದೇನೆ.

ಅವನು ಎದ್ದು ಹೋದ ಮೇಲೆ ಏನೂ ಇಲ್ಲ. ಕಣ್ಣು ಮುಚ್ಚಿದರೆ ಈ ಲೋಕದಲ್ಲಿ ಯಾರೂ ಇಲ್ಲ. ಮಗಳ ಕೈಯಕ್ಷರ ಇವತ್ತೂ ಬರಲಿಲ್ಲ.

ಸೆಪ್ಟೆಂಬರ್ ೩೦

ಡಾಕ್ಟರು ಮತ್ತೆ ನೋಡಿದರು. ವಸಡಿನ ಗೆರೆ ಮಾಸುತ್ತಿದೆ. ಕಿವಿ ಇನ್ನಷ್ಟು ಕೆಟ್ಟಿಲ್ಲ, ಸರಿಯಾಗಿಯೂ ಇಲ್ಲ. ಮನೆ ಹೇಗೆ ಮಾಡಿದೆ ಅಂತ ಒಂದೊಂದಾಗಿ ಕೇಳಿದರು. ಹೊಸ ಮಣ್ಣು ಬಡಿದು ನೆಲ ಮಾಡಿದ್ದು, ಸುಣ್ಣ ಬಳಿದದ್ದು, ಕಂಬಳಿ ಬದಲಿಸಿದ್ದು. ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹಬ್ಬಕ್ಕೆ ಎರಡು ದಿನ ಕೂಸು ಬರಬಹುದು ಅಂದರು. ಅಳಿಯನಿಗೆ ಅಷ್ಟನ್ನೇ ಬರೆದೆ. ಬನ್ನಿ ಅಂತ ಬರೆಯಲು ಯಾವ ಮುಖ?

ಅಕ್ಟೋಬರ್ ೨೧

ದೀಪಾವಳಿಗೆ ಮಗಳು ಬಂದಿದ್ದಾಳೆ.

ನಿನ್ನೆ ಬಸ್ಸಿಳಿದು ಹೊಸಿಲ ಹತ್ತಿರ ಬಂದು ನಿಂತಳು. ನನ್ನ ಕೈ ಕಡೆ ನೋಡಿದಳು, ಈ ಸಲವೂ ಚಾಚುತ್ತೇನೋ ಅಂತ. ನಾನು ಬಾಗಿಲ ಪಕ್ಕಕ್ಕೆ ಸರಿದೆ. ಒಳಗೆ ಹೋಗಿ ಗೋಡೆ ಮುಟ್ಟಿ ನೋಡಿದಳು, ನೀರೊಲೆ ಇದ್ದ ಜಾಗ ನೋಡಿದಳು. ಹೊರಗೆ ಬಂದು ಕೂಸನ್ನು ನನ್ನ ಮುಂದೆ ಹಿಡಿದಳು. ನಾನು ಓಡಿಹೋಗಿ ಸೋಪಿನಲ್ಲಿ ಕೈ ತೊಳೆದು ಬಂದೆ. ಅಷ್ಟು ಹೊತ್ತೂ ಅವಳು ಹಾಗೇ ಹಿಡಿದುಕೊಂಡಿದ್ದಳು.

ಕೂಸಿಗೆ ಆರು ತಿಂಗಳು. ವಿಶಾಲಾಕ್ಷಿ ಅಂತ ಹೆಸರಿಟ್ಟಿದ್ದಾರೆ. ನನಗೆ ಯಾರೂ ಹೇಳಿರಲಿಲ್ಲ. ಅಳಲು ಬಾಯಿ ತೆರೆದರೆ ಒಳಗಿನ ಕಿರುನಾಲಿಗೆ ಕಾಣುತ್ತದೆ. ಅಳು ಕೇಳುವುದಿಲ್ಲ.

ಇವತ್ತು ಮಗಳು ಒಬ್ಬಳೇ ಇದ್ದಾಗ ಕೇಳಿಯೇಬಿಟ್ಟೆ. "ಅವತ್ತು ಬಸ್ ಅತ್ತೋವಾಗ ಯಾನಂದವ್ವಾ?" ಚನ್ನಮಲ್ಲಮ್ಮ ನನ್ನ ಬಲಗಿವಿಗೆ ಬಾಯಿ ತಂದಳು. ಯಾವ ಕಿವಿ ಅಂತ ಅವಳಿಗೆ ಯಾರು ಹೇಳಿದರೋ. "ಯಾನೂ ಅನ್ನಿಲ್ಲ ಕಣಪ್ಪ. ಸುಮ್ನಿರು" ಅಂದಳು.

ಮೂರು ಲೋಟ ಕಾಫಿ ತಂದಳು. ಚಿಕ್ಕಮಾದ, ನಾನು, ಅವಳು ಜಗಲಿ ಮೇಲೆ ಕೂತು ಕುಡಿದೆವು. ಸೂರಿನ ಸಂದಿಯಲ್ಲಿ ಗುಬ್ಬಿ ಗೂಡು ಕಟ್ಟಿದೆ.

ನಾಳೆ ಗುಮಟಾಪುರದ ಗೊರೆಹಬ್ಬ. ಸೆಟ್ಟು ಬೇಕು ಅಂತ ಹೇಳಿಕಳಿಸಿದ್ದಾರೆ. ಗುಂಡಿ ತಿರುಗಿಸುವವನು ಚಿಕ್ಕಮಾದ ಅನ್ನುವ ಮಾತಿನ ಮೇಲೆ. ಹಾರನ್ ಎತ್ತರಕ್ಕೆ, ಜನರಿಂದ ದೂರ ಕಟ್ಟುವುದು ಅಂತಲೂ ಮಾತಾಗಿದೆ. ಬಹಳ ದಿನ ಸುಮ್ಮನಿದ್ದ ಸೆಟ್ಟು, ಒಂದು ಸಲ ನೋಡಿಬಿಡೋಣ ಅಂತ ಒಂದು ಹಾರನ್ ಹೊಂಗೆ ಮರಕ್ಕೆ ಕಟ್ಟಿದೆವು. ಚಿಕ್ಕಮಾದ ಗುಂಡಿಯನ್ನು ಒಂದೇ ಒಂದು ಕೂದಲೆಳೆಯಷ್ಟು ತಿರುಗಿಸಿದ. ಕೆಂಪು ದೀಪ ಹತ್ತಿತು. ನಾನು ಮೈಕಿನ ತಲೆಯ ಮೇಲೆ ಉಗುರಿನಿಂದ ತಟ್ಟಿದೆ.

ಏನೂ ಇಲ್ಲ. ಇನ್ನೊಂದು ಸಲ ತಟ್ಟಿದೆ. ತಂತಿ ಸಡಿಲವೋ, ಬ್ಯಾಟರಿ ಇಳಿದಿದೆಯೋ, ಯೂನಿಟ್ ಹೋಗಿದೆಯೋ ಅಂತ ನೋಡಲು ಬಗ್ಗಿದೆ. ಚಿಕ್ಕಮಾದ ನನ್ನ ಭುಜ ಹಿಡಿದು ಅಂಗಳದ ಕಡೆ ತಿರುಗಿಸಿದ.

ಕೂಸು ಚನ್ನಮಲ್ಲಮ್ಮನ ಸೊಂಟದ ಮೇಲಿತ್ತು. ನಮಗೆ ಬೆನ್ನು ಮಾಡಿ ತಾಯಿಯ ತಾಳಿಸರ ಬಾಯಿಗಿಟ್ಟುಕೊಂಡಿತ್ತು. ನಾನು ಮೆಲ್ಲಗೆ ಮೈಕು ತಟ್ಟಿದೆ. ಕೂಸು ಸರ ಬಿಟ್ಟು, ಗೋಣು ತಿರುಗಿಸಿ, ಮರದ ಮೇಲಿನ ಹಾರನ್ ನೋಡಿತು. ನಿಲ್ಲಿಸಿದೆ. ಅದು ಸರಕ್ಕೆ ಹೋಯಿತು. ಮತ್ತೆ ತಟ್ಟಿದೆ. ಮತ್ತೆ ತಿರುಗಿತು, ಕೈ ಎತ್ತಿ ಹಾರನ್ ಕಡೆ ಚಾಚಿ ನಕ್ಕಿತು. ಎಷ್ಟು ಸಲ ತಟ್ಟಿದೆನೋ, ಅಷ್ಟು ಸಲವೂ ತಿರುಗಿತು. ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡು ಸಾಕು ಅಂತ ಕೈ ಮಾಡುವವರೆಗೂ ನಾನು ತಟ್ಟುತ್ತಲೇ ಇದ್ದೆ.

ಸೆಟ್ಟಿನಲ್ಲಿ ಏನೂ ದೋಷವಿಲ್ಲ.